ಕಿಟಕಿ ಒರೆಸಿದ ಕ್ಸೈಲಾಲ್

ಕಟ್ಟಾಯ
೧೨-೩-೧೯೬೩

ಲ್ಯಾಬೊರೇಟರಿಯ ಡಾಕ್ಟರ್ ಸಾಹೇಬರಿಗೆ, ಕನ್ನಡ ಮೇಷ್ಟ್ರು ಷಡಕ್ಷರಿಯ ನಮಸ್ಕಾರ. ಸಿಟ್ಟಿನಲ್ಲಿ ಕೈ ಮುಗಿಯುವುದೂ ಕಷ್ಟವೇ.

ನನ್ನ ಹೆಂಡತಿ ಗುರುಸಿದ್ದಮ್ಮನ ಎದೆಯ ಗಂಟಿನಿಂದ ಒಂದು ಚೂರು ಕುಯ್ದು ಪರೀಕ್ಷೆಗೆಂದು ನಿಮಗೆ ಕಳಿಸಿದ್ದರು. ತೆಳುವಾಗಿ ಹೆಚ್ಚಿ ನೋಡಲು ಮೇಣದಲ್ಲಿ ಕೂರಿಸುವ ಮುನ್ನ ಅದನ್ನು ಕ್ಸೈಲಾಲ್ ಎಂಬ ದ್ರಾವಕದಲ್ಲಿ ನೆನೆಸಬೇಕಂತೆ. ಇಲ್ಲದಿದ್ದರೆ ಮೇಣ ಒಳಗಿಳಿಯುವುದಿಲ್ಲವಂತೆ. ನಿನ್ನೆ ನಾನು ಹಾಸನಕ್ಕೆ ಬಂದಾಗ ನೀವು ಆರಾಮವಾಗಿ ಹೇಳಿದಿರಿ: "ಹೊಸ ಕಟ್ಟಡದ ಉದ್ಘಾಟನೆ ಇತ್ತಲ್ಲ ಮೇಷ್ಟ್ರೇ, ಕಿಟಕಿ ಗಾಜಿನ ಪೇಂಟ್ ಒರೆಸೋಕೆ ಕ್ಸೈಲಾಲೆಲ್ಲ ಖರ್ಚಾಯ್ತು. ಹಾಗೇ ಮೇಣಕ್ಕೆ ಹಾಕಿದ್ವಿ, ಚೂರು ಪುಡಿಯಾಗೋಯ್ತು. ಇನ್ನೊಂದ್ಸಲ ಕುಯ್ಸಿ ಕಳ್ಸಿ."

ನಿಮ್ಮ ಕಿಟಕಿಗೆ ಬೆಳಕು, ನಮ್ಮ ಮನೆಗೆ ಅಳುಕು. ಪ್ರಾಸ ಬಂದದ್ದು ಚಟದಿಂದ, ಸಂತೋಷದಿಂದಲ್ಲ.

ನಡೆದದ್ದನ್ನು ಹಾಗೆಯೇ ಅವಳಿಗೆ ಹೇಳಿದೆ. "ಕ್ಯಾನ್ಸರ್ ಅಂತ ಗೊತ್ತಾಗೈತೆ, ಮುಚ್ಚಿಡಕ್ಕೆ ಕಥೆ ಕಟ್ಟಬ್ಯಾಡಿ ಕಣ್ರೀ. ಅಷ್ಟು ಓದಿರೋ ಡಾಕ್ಟ್ರು ಕಿಟ್ಕಿ ಒರ್ಸಕ್ಕೋಸ್ಕರ ಅಂಗೆಲ್ಲ ಮಾಡ್ತಾರಾ?" ಎಂದಳು. ಉಗ್ರಾಣದ ಬೀಗದ ಕೈಯನ್ನು ಮಗಳಿಗೆ ಕೊಟ್ಟಿದ್ದಾಳೆ. ಮತ್ತೆ ಕುಯ್ಯಿಸಿಕೊಳ್ಳುವುದೇ ಇಲ್ಲವೆಂದು ಹಟ ಹಿಡಿದಿದ್ದಾಳೆ.

ಆದ್ದರಿಂದ ಭಾನುವಾರ ಬೆಳಗಿನ ಬಸ್ಸಿಗೆ ಬನ್ನಿ. ನನಗೆ ಹೇಳಿದ್ದನ್ನೇ ಅವಳೆದುರು ಹೇಳಿ. ಹಣ್ಣುಗಿಣ್ಣು ತರುವುದು ಬೇಡ. ನೀವು ರೋಗಿಯನ್ನು ನೋಡಲು ಬರುವ ನೆಂಟರಲ್ಲ. ನಿಮ್ಮನ್ನು ಒಳ್ಳೆಯವರೆಂದು ನಂಬಿರುವವಳು ಈ ಮನೆಯಲ್ಲಿ ಅವಳೊಬ್ಬಳೇ. ಆ ನಂಬಿಕೆ ಬಿಡಿಸದ ಹೊರತು ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಬಸ್ ಸ್ಟಾಪಿನಲ್ಲಿ ಕಾದಿರುತ್ತೇನೆ.

ಷಡಕ್ಷರಿ