ಓಡುವವರ ಕಾಲಿಗೆ ನೀರು

ಕುಪವಾಡ,
ಜನವರಿ ೨೦, ೧೯೮೬

ಪ್ರೀತಿಯ ತಂಗಿ ಬೀರವ್ವಗೆ, ನಿನ್ನ ಅಣ್ಣನ ಆಶೀರ್ವಾದ.

ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ಆಗಿಯೇ ಇರುತ್ತೀ, ಗೊತ್ತು; ನಮ್ಮ ಮನೆತನಕ್ಕೆ ದೇವರು ಸಿಟ್ಟೊಂದನ್ನು ಕಡಿಮೆ ಮಾಡಿಲ್ಲ. ನನಗೆ ಕಾರ್ಖಾನೆಯಲ್ಲಿ ಪಾಳಿ ಬದಲಾಗಿದೆ. ತಮ್ಮ ಅಮೋಘಸಿದ್ಧನ ಓಟ ಏನಾಯಿತು ಎಂದು ಕೇಳಿದ್ದೀ, ಹೇಳುತ್ತೇನೆ.

ಸಾಂಗಲಿ–ಮಿರಜ ಮ್ಯಾರಥಾನ್ ಈಗ ದೊಡ್ಡ ಸಂಭ್ರಮ. ಸಹಕಾರಿ ಸಕ್ಕರೆ ಕಾರ್ಖಾನೆಯವರು ಶುರುಮಾಡಿದ ವರ್ಷ ನಾಲ್ಕು ಮಂದಿ ಪೈಲವಾನರು, ಹಾಲಿನ ಸಂಘದ ಹುಡುಗರು ಓಡಿದ್ದರು, ಅಷ್ಟೆ. ಬರಿಗಾಲಲ್ಲಿ ಓಡುವವರನ್ನು ಕಂಡು ನಮ್ಮ ಹೆಂಗಸರು ಪಂಢರಪುರಕ್ಕೆ ಹೋಗುವ ಭಕ್ತರ ದಿಂಡಿಯೇ ಹೊರಟಿದೆ ಎಂದು ತಿಳಿದು, ಅವರ ಕಾಲಿಗೆ ನೀರು ಹಾಕಿ ಅಡ್ಡಬಿದ್ದರು. ಕಾರ್ಖಾನೆಯ ಸಾಹೇಬರು ನಕ್ಕರು. ಆದರೆ ಪದ್ಧತಿ ಉಳಿದುಬಿಟ್ಟಿತು. ಈಗ ಪುಣೆಯಿಂದ ಬೂಟು ಹಾಕಿಕೊಂಡು ಬರುವವರಿಗೂ ನೀರು ತಪ್ಪಿದ್ದಲ್ಲ. ಬೇರೆ ಊರಿನ ಓಟದಲ್ಲಿ ಇದು ಸಿಗುವುದಿಲ್ಲವೆಂದೇ ಎಷ್ಟೋ ಜನ ಬರುತ್ತಾರಂತೆ.

ಈ ಸಲ ಗೆದ್ದವನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕಾಯಂ ನೌಕರಿ ಎಂದಿದ್ದರು. ಸಲಗರೆಯಲ್ಲಿ ಕುರಿಗಳ ಹಿಂದೆ ಅಲೆಯುವ ನಮ್ಮವನಿಗೆ ಇನ್ನೇನು ಬೇಕು? ನೌಕರಿ ಸಿಕ್ಕರೆ ಅವ್ವನನ್ನು ನನ್ನ ಮನೆಯಿಂದ ಕರೆದೊಯ್ದು ತಾನೇ ಇಟ್ಟುಕೊಳ್ಳುತ್ತೇನೆ ಎಂದು ನನ್ನೊಡನೆ ಮೊದಲೇ ಜಗಳವನ್ನೂ ಆಡಿದ್ದ.

ಮಿರಜ ಮುಟ್ಟಿ ವಾಪಸು ಬರುವಾಗ ಅವನೇ ಮುಂದಿದ್ದ. ಕುಪವಾಡ ತಿರುವಿನಲ್ಲಿ, ಹಲಗೆ ಬಾರಿಸುವವರ ಪಕ್ಕದಲ್ಲೇ, ಒಬ್ಬ ಮುದುಕಿ ಬಗ್ಗಿ ಅವನ ಕಾಲು ಹಿಡಿದಳು. ಉಳಿದವರು ಕೈಮುಗಿದು ಓಡಿಬಿಡುತ್ತಾರೆ. ಇವನು ನಿಂತ. ಅವಳನ್ನು ಎಬ್ಬಿಸಿ, ತಾನೂ ಅವಳ ಕಾಲಿಗೆ ಬಿದ್ದ. ಅಷ್ಟರಲ್ಲಿ ಕೊಲ್ಹಾಪುರದವನೊಬ್ಬ ದಾಟಿಹೋದ, ಅವನ ಹಿಂದೆ ಇನ್ನೊಬ್ಬ. ನಮ್ಮವನು ನಡೆದುಕೊಂಡೇ ಸಾಂಗಲಿ ಮುಟ್ಟಿದ.

ಅಲ್ಲಿ ಹಾರ ಹಿಡಿದು ಕಾಯುತ್ತಿದ್ದವನು ನಾನು. ಎಲ್ಲರ ಮುಂದೆಯೇ ಬೈದೆ. "ಯಾವಕಿನೋ ಮುದುಕಿ ಸಲುವಾಗಿ ನೌಕರಿ ಕಳಕೊಂಡ್ಯಲ್ಲೋ!" ಅವನು ಮನೆಗೆ ಬಂದು ಉಣ್ಣಲೂ ಇಲ್ಲ, ಸಲಗರೆಯ ಬಸ್ಸು ಹತ್ತಿದ.

ನಿನ್ನ ಮನೆಯವರಿಗೆ ನಮಸ್ಕಾರ ಹೇಳು. ಮಕ್ಕಳನ್ನು ಬೀರಪ್ಪ ದೇವರು ತನ್ನ ಕಂಬಳಿಯಲ್ಲಿಟ್ಟು ಕಾಯಲಿ.

ನಿನ್ನ ಅಣ್ಣ,
ಧೋಂಡಿಬಾ

ತಾ.ಕ.: ಅವ್ವನ ಸುದ್ದಿ ಮೇಲೆ ಬರೆಯಲು ನನ್ನಿಂದಾಗಲಿಲ್ಲ. ನಾಲ್ಕು ದಿನ ಬಿಟ್ಟು ಸಲಗರೆಗೆ ಹೋದಾಗ ತಮ್ಮ ಬಾಯಿಬಿಟ್ಟ. ಆ ಮುದುಕಿ ನಮ್ಮವ್ವ. ಅವಳ ಎರಡೂ ಕಣ್ಣು ಹೋಗಿವೆ, ಬೀರವ್ವ. ನಮಗೆ ಭಾರವಾಗಬಾರದೆಂದು ಯಾರಿಗೂ ಹೇಳದೆ, ರೂಢಿಯ ಮೇಲೆ ಮನೆಯಲ್ಲಿ ಓಡಾಡಿಕೊಂಡಿದ್ದಳು. ಅವತ್ತು ನೆರೆಮನೆಯ ಸಖುಬಾಯಿಯ ಸೆರಗು ಹಿಡಿದು ರಸ್ತೆಗೆ ಹೋಗಿದ್ದಳಂತೆ. ನಿನ್ನೆ ಮಿರಜದಲ್ಲಿ ತೋರಿಸಿದೆ. ಇನ್ನು ಬೆಳಕು ಮರಳುವುದಿಲ್ಲ ಎಂದರು ಡಾಕ್ಟರು.

"ಹಡದವ್ವ ಕಾಲ ಮುಟ್ಟಿದ ಮ್ಯಾಲ ಹೆಂಗ ಓಡ್ಲಿ, ಅಣ್ಣಾ?" ಎಂದು ತಮ್ಮ ಅತ್ತ. "'ಅವ್ವಾ, ನಾನು' ಅಂದೆ. ಹಲಗಿ ಸಪ್ಪಳದಾಗ ಆಕಿಗೆ ಕೇಳಲಿಲ್ಲ. ನನ್ನ ಕಾಲ ಗಟ್ಟಿ ಹಿಡದು, 'ನನ್ನ ಮಗ ಅಮೋಘ್ಯಾನೂ ಓಡಾಕತ್ತಾನ್ರಿ, ಅವಗೊಂದೀಟು ಹರಸ್ರಿ' ಅಂತ ನನಗ ಬೇಡಿಕೊಂಡ್ಳು."