ಕೌದಿಯ ಹೊಟ್ಟೆ

ಜನವರಿ 6, ಬೆಳಿಗ್ಗೆ

ಸೂಜಿಗಳಿಗೆಲ್ಲ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟೆ. ಅತ್ತೆಗೆ ಕಣ್ಣಲ್ಲಿ ಪೊರೆ. ದಾರ ಪೋಣಿಸಲು ಆಗಲ್ಲ, ಆದರೆ ಕೈಗೆ ಅಂದಾಜಿದೆ — ಹಳೇ ಸೀರೆ ಜೋಡಿಸಿ ಕೌದಿ ಹೊಲಿಯುತ್ತಲೇ ಇರುತ್ತಾರೆ. ಗದಗಿನ ಕಣ್ಣಿನ ಡಾಕ್ಟರದು ಒಂದೇ ಮಾತು: ಮೊದಲು ಶುಗರ್ ಇಳಿಯಲಿ, ಆಮೇಲೆ ಆಪರೇಶನ್. ಇಳಿಸುವ ಗುತ್ತಿಗೆ ನನ್ನದು.

ಇವತ್ತು ಓಟ್ಸ್ ಉಪ್ಪಿಟ್ಟು. ಅತ್ತೆ ಒಂದು ತುತ್ತು ತಿಂದು, "ಶೈಲಾ, ಇದನ್ನ ಎಮ್ಮಿಗೆ ಹಾಕಿದ್ರ ಹಾಲು ಕೊಡೂದು ಬಿಡತೈತಿ" ಅಂದರು. ನಗು ಬಂತು. ಪಾತ್ರೆ ತಿಕ್ಕುವಷ್ಟರಲ್ಲಿ ಹೋಯಿತು.

ಜನವರಿ 11

ಗಜೇಂದ್ರಗಡದಿಂದ ತರಿಸಿದ ನವಣಕ್ಕಿಯಲ್ಲಿ ಬಿಸಿಬೇಳೆ ಭಾತ್ ಮಾಡಿದೆ. ಯೂಟ್ಯೂಬಿನ ಹೆಂಗಸಿಗೆ ಎಲ್ಲಾ ಹತ್ತೇ ನಿಮಿಷ. ನನಗೆ ಅರ್ಧ ದಿನ... ಇವರಿಗೆ ಬೇರೆ ಜೋಳದ ರೊಟ್ಟಿ, ಬದನೆಕಾಯಿ. ಶುಗರ್ 240. ಇಳಿದಿಲ್ಲ.

ಜನವರಿ 19

ನುಗ್ಗೆಸೊಪ್ಪಿನ ರೊಟ್ಟಿ. ಅತ್ತೆಯ ಬೆರಳಿಗೆ ಚುಚ್ಚಿ ನೋಡಿದೆ — 268. ಏರಿದೆ! ಇವರು ಮಷೀನು ನೋಡಿ, "ಏನ್ ಅಡಗಿ ಮಾಡಾಕತ್ತೀ ನೀನು?" ಅಂದರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಸಾಕಾಗಿದೆ.

ಜನವರಿ 28

ಹೊಸದೇನೂ ಮಾಡಲಿಲ್ಲ. ಅನ್ನ, ಸಾರು.

ಕೌದಿ ಮುಗಿಯುತ್ತಾ ಬಂದಿದೆ. ಅಂಚಿನಿಂದ ಸುತ್ತಿ ಸುತ್ತಿ ಹೊಲಿಯುತ್ತಾ ಬಂದು, ನಡುವೆ ಅಂಗೈ ಅಗಲದ ಬಾಯಿ ಉಳಿದಿದೆ. ಅದು ಕೌದಿಯ ಹೊಟ್ಟೆ. ಒಂದು ಚೂರು ರೊಟ್ಟಿ ಇಟ್ಟೇ ಮುಚ್ಚಬೇಕು, ಕೌದಿ ಉಪವಾಸ ಇರಬಾರದು ಅಂತ ಅತ್ತೆಯ ಶಾಸ್ತ್ರ.

"ಮುಚ್ಚಿಬಿಡೂಣೇನ್ರಿ ಅತ್ತಿ?"

"ತಡಿ. ಅದಕ್ಕಿನ್ನೂ ಹಸಿವಾಗಿಲ್ಲ."

ಜನವರಿ 30, ಮಧ್ಯಾಹ್ನ

ಬಿಸಿಲಿಗೆ ಹಾಕಲು ಕೌದಿ ಎತ್ತಿದೆ. ಇರುವೆ ಸಾಲು, ನೇರ ಆ ಬಾಯಿಗೆ. ಕೈ ಹಾಕಿದರೆ — ಬೆಲ್ಲ. ಹಲ್ಲಿನ ಗುರುತು ಸಮೇತ.

ಕೂಗಾಡಿಬಿಟ್ಟೆ. "ನಾ ಒಲಿ ಮುಂದ ಸಾಯಾಕತ್ತೀನಿ, ನಿಮಗ ಬೆಲ್ಲದ ಚಟ ಬಿಡಾಕ ಆಗಂಗಿಲ್ಲೇನ್ರಿ?"

ಅತ್ತೆ ಸೂಜಿಗಾಗಿ ನೆಲ ತಡವುತ್ತಾ ಕೂತಿದ್ದರು. "ಚಟ ಅಲ್ಲವ್ವಾ. ಶುಗರ್ ಇಳದ್ರ ಕಣ್ಣು ಕೊಯ್ತಾರಲ್ಲ. ಈಗರ ನಿನ್ನ ಮಾರಿ ಮಸಕ ಮಸಕ ಕಾಣತೈತಿ. ಅದೂ ಹೋದ್ರ?"

ಸಿಟ್ಟು ಎಲ್ಲಿ ಹೋಯಿತೋ. ಉಪ್ಪು ಸಾಕಾ, ಖಾರ ಸಾಕಾ ಅಂತ ದಿನಾ ಕೇಳಿದ್ದೇನೆ. ಹೆದರಿಕೆ ಇದೆಯಾ ಅಂತ ಕೇಳಿರಲಿಲ್ಲ. ಅಳು ಬಂತು.

ಜನವರಿ 31

ಬೆಲ್ಲದ ಡಬ್ಬಿ ಬಚ್ಚಿಡಲಿಲ್ಲ. ಇದ್ದಲ್ಲೇ ಬಿಟ್ಟೆ. ಆಪರೇಶನ್ ದಿನ ಜೊತೆಗೇ ಇರುತ್ತೇನೆ ಅಂದೆ.

"ಒಳಗೂ ಬರ್ತೀಯೇನು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಒಳಗ ಬಿಡಂಗಿಲ್ರಿ. ಬಾಗಲದಾಗ ಕುಂದರತೀನಿ. ಒದರಿದ್ರ ಕೇಳಸತೈತಿ."



ಫೆಬ್ರವರಿ 9

ಶುಗರ್ 190. ಬೆಲ್ಲ ಇದ್ದ ಹಾಗೇ ಇದೆ.

ಸಂಜೆ ಅತ್ತೆ ತಾವಾಗಿಯೇ ನುಗ್ಗೆಸೊಪ್ಪಿನ ರೊಟ್ಟಿ ಕೇಳಿದರು. ತುದಿ ಮುರಿದು ಕೌದಿಯ ಹೊಟ್ಟೆಗೆ ಇಟ್ಟರು. ಸೂಜಿ ನನ್ನ ಕೈಗೆ ಕೊಟ್ಟು, "ನೀನ ಮುಚ್ಚು" ಅಂದರು. ಎಂದೂ ಕೊಟ್ಟವರಲ್ಲ.

ನನ್ನ ಕೈ ನೆಟ್ಟಗೆ ಓಡಲಿಲ್ಲ. "ಸೊಟ್ಟ ಆತ್ರಿ ಅತ್ತಿ..."

"ಆಗಲಿ ಬಿಡು. ಕಣ್ಣು ಬಂದ ಮ್ಯಾಲ ನೋಡಿ ಬೈತೀನಿ."

ನಾಳೆ ಗದಗಿಗೆ ಫೋನ್ ಮಾಡಿ, ಆಪರೇಶನ್ ತಾರೀಖು ಕೇಳಬೇಕು.