ಎರೆಭೂತದ ಕೆಮ್ಮು

ಶ್ರಾವಣದ ನಲವತ್ತೊಂದನೆಯ ದಿನ, 2214
ಸಿರುಗುಪ್ಪದ ಎರೆ ಬಯಲು

ಇನ್ನೂರು ವರ್ಷ ಹಿಂದಿರುವ ಹಿರಿಯರೇ,

ತಾರೀಖು ನೋಡಿ ಬೆರಗಾಗಬೇಡಿ. ನಮ್ಮ ತಿಂಗಳುಗಳು ಮಳೆ ಮುಗಿಯುವವರೆಗೆ ಕಾಯುತ್ತವೆ. ಕೆಲವು ಪದಗಳು ಅಪರಿಚಿತವೆನಿಸಿದರೆ ಮನ್ನಿಸಿ. ಯಂತ್ರಗಳ ಜೊತೆಯಲ್ಲೇ ಐವತ್ತೆರಡು ವರ್ಷ ತುಂಬಿದವನು ನಾನು. ಪತ್ರ ಬರೆದು ರೂಢಿಯಿಲ್ಲ.

ನೀವು ಎರೆಭೂತ ಎಂದು ಕರೆಯುತ್ತಿದ್ದ, ಸೊಂಟದೆತ್ತರದ ಆ ಹುಲ್ಲುಗಾವಲಿನ ಹಕ್ಕಿ ನಮ್ಮ ಅಜ್ಜಂದಿರ ಕಾಲಕ್ಕೇ ಇಲ್ಲಿಂದ ಕಾಣೆಯಾಯಿತು. ಉಳುಮೆ ನಿಲ್ಲಿಸಿ ಹುಲ್ಲನ್ನು ಮರಳಿ ಬೆಳೆಸಿದೆವು. ದೂರದ ಸಾಕುಮನೆಯಲ್ಲಿ ಮೊಟ್ಟೆಯೊಡೆದ ಏಳು ಹೆಣ್ಣು, ಒಂದು ಗಂಡನ್ನು ತಂದು ಬಿಟ್ಟೆವು. ಅವುಗಳ ಮೇಲೆ ನಿಗಾ ಇಡುವುದು ನನ್ನ ಕೆಲಸ. ಗಂಡು ಕೂಗಿದರೆ ಹೆಣ್ಣು ಬರುತ್ತದೆ, ಮೊಟ್ಟೆಯಾಗುತ್ತದೆ. ಬಿಟ್ಟ ಮೇಲಿನ ಮೂರನೆಯ ಶ್ರಾವಣ ಮುಗಿಯುವುದರೊಳಗೆ ಗಂಡು ತನ್ನ ಜಾತಿಯ ಕೂಗನ್ನು ಕೂಗದಿದ್ದರೆ ಎಂಟನ್ನೂ ಹಿಡಿದು ಸಾಕುಮನೆಗೆ ಮರಳಿಸಬೇಕೆಂಬುದು ನಿಯಮ. ಇದು ಮೂರನೆಯ ಶ್ರಾವಣ. ನಿಮ್ಮ ಕಾಲದ ಧ್ವನಿಮುದ್ರಣ ಒಂದೂ ನಮ್ಮವರೆಗೆ ಉಳಿದು ಬಂದಿಲ್ಲ. ಆಳವಾದ ಗುನುಗು, ದೂರಕ್ಕೆ ಕೇಳುತ್ತದೆ: ನಮಗೆ ಗೊತ್ತಿರುವುದು ಇಷ್ಟೇ.

ಬಯಲ ತುಂಬ ಕೇಳ್ಗಂಬಗಳಿವೆ. ಅಂಥ ಗುನುಗನ್ನು ಹಿಡಿದಿಡುವ ಮಣ್ಣಿನ ಕಂಬಗಳವು. ಬೆಳಗಿನ ಮೊದಲ ಗಳಿಗೆಯನ್ನು ಮೌನಹೊತ್ತು ಎನ್ನುತ್ತೇವೆ. ಆಗ ಸುತ್ತಲ ಹಳ್ಳಿಗಳಲ್ಲಿ ಗಿರಣಿ ತಿರುಗುವುದಿಲ್ಲ. ಮಕ್ಕಳಿಗೆ ಗದರಿಕೆಯೂ ಕೈಸನ್ನೆಯಲ್ಲೇ. ಚಹಾಕ್ಕೆ ಸಕ್ಕರೆ ಎಷ್ಟೆಂದು ಬೆರಳು ಹೇಳುತ್ತದೆ, ಕುರಿಗಳ ಕೊರಳ ಗಂಟೆಗೆ ಬಟ್ಟೆ ಸುತ್ತಿರುತ್ತದೆ, ಹುಲ್ಲಿನ ಮೇಲೆ ಮಂಜು ನಿಂತಿರುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಕಂಬಗಳು ಸತತ ಹನ್ನೊಂದು ದಿನ ಗುನುಗು ಹಿಡಿದಾಗ ಅದು ಮನುಷ್ಯರದ್ದಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ಹನ್ನೊಂದು ಸಲ 'ಕೂಗಿತು' ಎಂದು ದಾಖಲಿಸಿದೆ.

ಹನ್ನೆರಡನೆಯ ಬೆಳಗ್ಗೆ ಕಣ್ಣಾರೆ ನೋಡಲು ಹೋದೆ. ಹುಲ್ಲಿನ ನಡುವೆ ಕುರಿಗಾಹಿ ಹುಲಿಗೆಮ್ಮ, ಎಪ್ಪತ್ತು ದಾಟಿದವರು, ಖಾಲಿ ಕೊಡದ ಬಾಯಿಗೆ ಮುಖವಿಟ್ಟು ಗುನುಗುತ್ತಿದ್ದರು. ಪ್ರತಿ ಗುನುಗಿನ ಕೊನೆಗೊಂದು ಸಣ್ಣ ಕೆಮ್ಮು. ನನ್ನನ್ನು ಕಂಡು ನಿಲ್ಲಿಸಿದರು. ಮೌನಹೊತ್ತು ಮುಗಿಯುವವರೆಗೆ ಇಬ್ಬರೂ ಮಾತಿಲ್ಲದೆ ಎದುರುಬದುರು ಕುಳಿತೆವು. ಆಮೇಲೆ ಅವರೇ ಹೇಳಿದರು:

"ನಿಮ್ಮ ಕಂಬಕ್ಕ ಕಿವಿ ಐತಿ ಸಾಹೇಬ್ರ, ಬುದ್ಧಿ ಇಲ್ಲ. ಆ ಗಂಡಿಗೆ ಕೂಗು ಕಲಿಸಾಕ ಅಪ್ಪ ಇಲ್ಲ, ಅಜ್ಜ ಇಲ್ಲ. ನಮ್ಮ ಮುತ್ತಜ್ಜಿ ಅಜ್ಜಿಗೆ ಕಲಿಸಿದ್ಲು, ಅಜ್ಜಿ ನನಗ. ನಾನರ ಕಲಿಸಬ್ಯಾಡೇನು?"

ಕೆಮ್ಮಿನ ಬಗ್ಗೆ ಕೇಳಿದೆ. ಅದು ಹಕ್ಕಿಯದೋ ಮುತ್ತಜ್ಜಿಯದೋ ಅವರಿಗೂ ತಿಳಿಯದು.

ಹನ್ನೊಂದು ದಾಖಲೆಗಳನ್ನೂ ಹೊಡೆದುಹಾಕಿದೆ. ಕೂಗಬೇಡಿ ಎಂದು ಮಾತ್ರ ಅವರಿಗೆ ಹೇಳಲಿಲ್ಲ.

ಇಂದು ಬೆಳಗ್ಗೆ ಅವರು ಕೊಡವನ್ನು ಮಡಿಲಲ್ಲಿ ಮಗುಚಿಕೊಂಡು ನನ್ನ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದರು. ಮಂಜಿನೊಳಗಿಂದ ಗುನುಗು ಬಂತು, ಕಿವಿಗಿಂತ ಮೊದಲು ಎದೆಗೆ. ಬಿಳಿಯ ಕೊರಳು ಉಬ್ಬಿಸಿಕೊಂಡು ಗಂಡು ನಿಂತಿತ್ತು. ಕೊನೆಗೊಂದು ಸಣ್ಣ ಕೆಮ್ಮು. ಹುಲಿಗೆಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಮೌನಹೊತ್ತು ಇನ್ನೂ ಮುಗಿದಿರಲಿಲ್ಲ.

'ಕೂಗಿತು' ಎಂದು ಬರೆದಿದ್ದೇನೆ. 'ತನ್ನ ಜಾತಿಯ ಕೂಗೇ?' ಎಂಬ ಅಂಕಣ ಖಾಲಿಯಿದೆ. ಅದಕ್ಕೆ ಉತ್ತರ ಬಲ್ಲವರು ನೀವು ಮಾತ್ರ. ನಿಮ್ಮ ಬಯಲಲ್ಲಿ ಎರೆಭೂತ ಇನ್ನೂ ಇದ್ದರೆ ಒಂದು ಬೆಳಗ್ಗೆ ಹೋಗಿ ಸುಮ್ಮನೆ ನಿಲ್ಲಿ. ಕೇಳಿದ್ದನ್ನು ಕೇಳಿದಂತೆಯೇ ಯಾರಿಗಾದರೂ ಕಲಿಸಿ. ಬಾಯಿಂದ ಬಾಯಿಗೆ ಅದು ಈ ಬಯಲಿಗೆ ಬಂದು ಸೇರುತ್ತದೆ.

ಇಲ್ಲಿ ಸೋನೆ ಇನ್ನೂ ನಿಂತಿಲ್ಲ, ಶ್ರಾವಣವೂ ಮುಗಿದಿಲ್ಲ. ನಿಮ್ಮಿಂದ ಏನೂ ಬಾರದಿದ್ದರೆ, ಮಳೆ ನಿಂತ ದಿನ ಆ ಅಂಕಣದಲ್ಲಿ, ಜೀವನದಲ್ಲಿ ಮೊದಲ ಸಲ, ನನಗೆ ತಿಳಿಯದ ಒಂದು ಸಂಗತಿಯನ್ನು ಬರೆಯುತ್ತೇನೆ: ಹೌದು.

ಇಂತಿ ನಿಮ್ಮವ,
ಜಂಬುನಾಥ